ಘಾಟು ಇಳಿಸಲು ಹೋದ ವರ್ಷ

ಮೋಟೆಬೆನ್ನೂರು ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಬ್ಯಾಡಗಿಯ ಕಡೆ ಹೊರಳಿದ ಸ್ವಲ್ಪ ಹೊತ್ತಿಗೆ ಮೊದಲು ಸೀನಿದವನು ಕಂಡಕ್ಟರ್. ಆಮೇಲೆ ಮುಂದಿನ ಸೀಟಿನ ಮುದುಕಿ, ಆಮೇಲೆ ಅವಳ ತೊಡೆಯ ಮೇಲಿದ್ದ ಕೂಸು. ಊರು ಹತ್ತಿರವಾದಂತೆ ಕೆಮ್ಮು ಸೀಟಿನಿಂದ ಸೀಟಿಗೆ ಟಿಕೆಟ್ ಹರಿಯುವವನಂತೆ ದಾಟಿ ಬಂತು. ಸುಗ್ಗಿ ಮುಗಿಯುತ್ತ ಬಂದಿದ್ದರೂ ಮಾರುಕಟ್ಟೆಯ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು ಹಾಗೇ ನಿಂತಿತ್ತು.

"ಕಿಟಕಿ ಹಾಕ್ರೋ ಯಪ್ಪಾ" ಎಂದು ಯಾರೋ ಕೂಗಿದರು.

"ಹಾಕಿದ್ರ ಒಳಗ ಬಂದಿದ್ದು ಹೊರಗ ಹೆಂಗ ಹೋಗತೈತ್ರಿ? ಅದೂ ಟಿಕೆಟ್ ತಗೊಂಡೈತಿ, ಬಸ್‌ಸ್ಟ್ಯಾಂಡಿಗೇ ಇಳಿಯೂದು" ಎಂದ ಕಂಡಕ್ಟರ್. ಬಸ್ಸೆಲ್ಲ ಕೆಮ್ಮುತ್ತಲೇ ನಕ್ಕಿತು.

ನನ್ನ ಕೈ ತಾನಾಗಿಯೇ ಚೀಲದೊಳಗೆ ಹೋಯಿತು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಪುಟ್ಟ ಮೀಟರ್ ಅಲ್ಲಿದೆ. ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದೇ ಕಾಲಿನ ಚಪ್ಪಲಿ ಇದೆ. ಮೀಟರನ್ನು ಹೊರಗೆ ತೆಗೆಯಲಿಲ್ಲ. ಅಷ್ಟರಲ್ಲಿ ಕಣ್ಣಲ್ಲಿ ನೀರು ಬಂತು, ನನಗೆ ಸಮಾಧಾನವಾಯಿತು. ಕೆಮ್ಮಿನ ಬೆನ್ನಿಗೆ ಕಣ್ಣೀರು ಬಂದರೆ ಸಮಾಧಾನವಾಗುವುದು ಏಕೆಂದು ಬ್ಯಾಡಗಿಯವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳಲು ಆ ಒಂದು ವರ್ಷದ ಕತೆಯನ್ನು ಹೇಳಬೇಕು.

ಗಿರಿಜಾ ನನ್ನ ಅವ್ವನ ತಂಗಿ, ನನ್ನ ಚಿಗವ್ವ. ಗಂಡ ತೀರಿಕೊಂಡ ಮೇಲೆ ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿಯನ್ನು ಅವಳೇ ನಡೆಸುತ್ತ ಬಂದವಳು. ಸುಗ್ಗಿಯಲ್ಲಿ ಸುತ್ತಲಿನ ಊರುಗಳ ಮನೆಯವರು ವರ್ಷದ ಖಾರ ಮಾಡಿಸಿಕೊಳ್ಳಲು ಬರುತ್ತಾರೆ. ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ ಹುರಿಯುವುದು ಜುಬೇದಾ ಚಾಚಿಯ ಕೆಲಸ. ಕುಟ್ಟುವ ಯಂತ್ರದ ಮುಂದೆ ನಿಲ್ಲುವುದು ಚಿಗವ್ವನ ಕೆಲಸ. ಜುಬೇದಾ ಚಾಚಿಯ ಗಂಡ ದಸ್ತಗೀರ ಚಾಚಾನದು ಒಂದು ಹಳೆಯ ಓಮ್ನಿ ಗಾಡಿ. ಸುಗ್ಗಿಯಲ್ಲಿ ಅದು ಖಾರದ ಚೀಲಗಳನ್ನು ಹೊರುತ್ತದೆ, ಉಳಿದ ದಿನ ಜನರನ್ನು. ನಾನು, ಶೈಲಾ, ಹಾವೇರಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಆಗ ಮದುವೆಯಾಗಿರಲಿಲ್ಲ, ಚಿಗವ್ವನ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಆ ಗಿರಣಿಯಲ್ಲಿ ಒಂದು ಪದ್ಧತಿ ಇತ್ತು. ಸುಗ್ಗಿ ಮುಗಿದು ಯಂತ್ರಕ್ಕೆ ಎಣ್ಣೆ ಹಚ್ಚಿ ಬಟ್ಟೆ ಹೊದಿಸಿದ ಮೇಲೆ, ಮಳೆ ಹಿಡಿಯುವ ಮೊದಲು, ಎಲ್ಲರೂ ಓಮ್ನಿಯಲ್ಲಿ ಒಂದು ಕಡೆ ಹೋಗಿಬರಬೇಕು. ಇದಕ್ಕೆ ಅವರು ಇಟ್ಟ ಹೆಸರು 'ಘಾಟು ಇಳಿಸೂದು'. ಗಾಡಿಯನ್ನು ಒಳಹೊರಗೆ ತೊಳೆಯಬೇಕು. ಬುತ್ತಿಯಲ್ಲಿ ಮೊಸರನ್ನ, ಚಪಾತಿ, ಶೇಂಗಾ ಹೋಳಿಗೆ ಏನಿದ್ದರೂ ಸರಿ, ಖಾರ ಮಾತ್ರ ಕೂಡದು. ಮೂಗಿಗೆ ಮೆಣಸಿನಕಾಯಿ ತಾಗದ ಜಾಗ ಸಿಗುವ ತನಕ ಗಾಡಿ ನಿಲ್ಲಿಸಬಾರದು. ಒಮ್ಮೆ ಗುತ್ತಲದ ಆಚೆ ತುಂಗಭದ್ರೆಯ ದಂಡೆಗೆ ಹೋಗಿದ್ದರು, ಒಮ್ಮೆ ಜೋಗಕ್ಕೆ, ಒಮ್ಮೆ ಗೋಕರ್ಣಕ್ಕೆ.

ಗೋಕರ್ಣದಲ್ಲಿ ತೆರೆಯೊಂದು ಬಂದು ಚಿಗವ್ವನ ಒಂದು ಚಪ್ಪಲಿಯನ್ನು ಒಯ್ದಿತ್ತು. ಆ ಪ್ರವಾಸಕ್ಕೆಂದೇ ರಾಣೇಬೆನ್ನೂರಿನಲ್ಲಿ ಕೊಂಡ ಹೊಸ ಜೋಡು. ಉಳಿದ ಒಂದನ್ನು ಅವಳು ಬಿಸಾಡಲಿಲ್ಲ. ಗಿರಣಿಯ ಗೋಡೆಯ ಮೊಳೆಗೆ ತೂಗುಹಾಕಿದಳು. ಖಾರ ಕುಟ್ಟಿಸಲು ಬಂದವರು ಕೇಳದೆ ಇರುತ್ತಿರಲಿಲ್ಲ.

"ಗಿರಿಜಕ್ಕಾ, ಇದರ ಜೋಡಿ ಎಲ್ಲೈತ್ರಿ?"

"ಅರಬ್ಬಿ ಸಮುದ್ರದಾಗ. ರಿಪೇರಿಗೆ ಕೊಟ್ಟೇನಿ."

ಕೊರೊನಾದ ಎರಡನೇ ಅಲೆ ಬಂದ ಬೇಸಿಗೆಯಲ್ಲಿ ನಮ್ಮೂರಿನವರಷ್ಟೇ ಮಾಡಬಹುದಾದ ಒಂದು ತಪ್ಪು ನಮ್ಮ ಮನೆಯಲ್ಲಾಯಿತು. ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ಕೆಮ್ಮಿದವರನ್ನು ಏನಾಯಿತೆಂದು ಯಾರೂ ಕೇಳುವುದಿಲ್ಲ. ಕೆಮ್ಮದವನನ್ನೇ ಬೇಕಾದರೆ ಯಾವೂರಿನವನೆಂದು ಕೇಳಿಯಾರು. ಚಿಗವ್ವ ಕೆಮ್ಮಿದಳು. ಬೆಲ್ಲದ ನೀರು ಕುಡಿದಳು. ಮತ್ತೆ ಯಂತ್ರದ ಮುಂದೆ ನಿಂತಳು. ನಾನೂ ಕೆಮ್ಮುತ್ತಿದ್ದೆ, ಚಾಚಿಯೂ ಕೆಮ್ಮುತ್ತಿದ್ದಳು. ಮೂವರ ಕೆಮ್ಮಿನಲ್ಲಿ ಒಂದು ಬೇರೆ ಎಂದು ನಮಗೆ ತಿಳಿಯಲಿಲ್ಲ.

ಮೊದಲು ಗಮನಿಸಿದವಳು ಜುಬೇದಾ ಚಾಚಿ.

"ಗಿರಿಜಕ್ಕಾ, ಇಲ್ಲಿ ತಿರುಗು. ನಾ ಕೆಮ್ಮಿದ್ರ ನನ್ನ ಕಣ್ಣಾಗ ನೀರು ಬರ್ತಾವ. ಶೈಲಾ ಕೆಮ್ಮಿದ್ರ ಆಕಿ ಕಣ್ಣಾಗೂ ಬರ್ತಾವ. ನಿನ್ನ ಕಣ್ಣು ಯಾಕ ಹಿಂಗ ಒಣಗಿ ಹೋಗ್ಯಾವ?"

"ನನ್ನ ಕಣ್ಣೀರೆಲ್ಲಾ ಗಂಡ ಹೋದಾಗಽ ಖರ್ಚಾಗ್ಯಾವ" ಎಂದು ಚಿಗವ್ವ ನಕ್ಕಳು. ನಗು ಮುಗಿಯುವ ಮೊದಲೇ ಮತ್ತೆ ಕೆಮ್ಮು ಬಂತು. ಈ ಸಲ ಅವಳು ಗೋಡೆ ಹಿಡಿದುಕೊಂಡಳು.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಜ್ವರ ಏರಿತು, ತುಟಿ ಕಪ್ಪಿಟ್ಟಿತು. ಊರಿನ ಹುಡುಗರು ಎಲ್ಲಿಂದಲೋ ಆಮ್ಲಜನಕದ ಒಂದು ಸಣ್ಣ ಸಿಲಿಂಡರನ್ನೂ ಬೆರಳಿಗೆ ಸಿಕ್ಕಿಸುವ ಮೀಟರನ್ನೂ ತಂದುಕೊಟ್ಟರು. ದಸ್ತಗೀರ ಚಾಚಾ ಓಮ್ನಿಯ ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿದ. ಅವಳ ತಲೆಯನ್ನು ನಾನು ತೊಡೆಯ ಮೇಲಿಟ್ಟುಕೊಂಡೆ. ಬಾಗಿಲು ಜರುಗಿ ದಡಾರನೆ ಮುಚ್ಚಿಕೊಂಡಿತು. ಆ ಸದ್ದು ನನ್ನ ಕಿವಿಯಿಂದ ಇನ್ನೂ ಪೂರ್ತಿ ಹೋಗಿಲ್ಲ.

ಹಾವೇರಿಯಲ್ಲಿ ಹಾಸಿಗೆ ಇರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿದ್ದವರು ಕೈಮುಗಿದು, ರಾಣೇಬೆನ್ನೂರಿನಲ್ಲಿ ಒಂದು ಖಾಲಿಯಾಗಿದೆಯಂತೆ, ತಡ ಮಾಡಬೇಡಿ ಎಂದರು. ಬಂದ ದಾರಿಯಲ್ಲೇ ತಿರುಗಿ ಹೊರಟೆವು. ಮೋಟೆಬೆನ್ನೂರು ಕ್ರಾಸಿನ ಹತ್ತಿರ ಸಿಲಿಂಡರಿನ ಮುಳ್ಳು ಕೆಳಗೆ ಕೂತಿತು. ಮುಂದೆ ಬ್ಯಾರಿಕೇಡ್, ಅದರ ಮುಂದೆ ಲಾರಿಗಳ ಸಾಲು. ಪೊಲೀಸನೊಬ್ಬ ಕಿಟಕಿಯಲ್ಲಿ ಹಣಕಿ ನೋಡಿ, ಏನೂ ಕೇಳದೆ, ತಾನೇ ಓಡಿಹೋಗಿ ದಾರಿ ಬಿಡಿಸತೊಡಗಿದ. ಅಷ್ಟು ಹೊತ್ತು ಗಾಡಿ ನಿಂತೇ ಇತ್ತು. ಮೀಟರಿನಲ್ಲಿ ಅಂಕಿ ಇಳಿಯುತ್ತಿತ್ತು. ನಾನು ಅದನ್ನು ನೋಡುತ್ತಿದ್ದೆ. ನೋಡುವುದು ಬಿಟ್ಟು ನನಗೆ ಮಾಡಲು ಏನೂ ಇರಲಿಲ್ಲ.

ಚಾಚಾ ಕನ್ನಡಿಯಲ್ಲಿ ನನ್ನ ಮುಖ ನೋಡಿರಬೇಕು. ದೊಡ್ಡ ದನಿಯಲ್ಲಿ ಮಾತು ಶುರು ಮಾಡಿದ.

"ಗಿರಿಜಕ್ಕಾರ, ನೀವು ಮಾತಾಡಬ್ಯಾಡ್ರಿ. ನಾ ಹೇಳತೇನಿ. ನೆನಪಿದ್ರ ಶೈಲಾನ ಬೆರಳ ಒತ್ರಿ, ಸಾಕು. ಜೋಗಕ್ಕ ಹೋದಾಗ ಹನಿ ನೀರು ಇರಲಿಲ್ಲ. ನಮ್ಮ ಜುಬೇದಾ ಅಲ್ಲಿದ್ದವರ ಜೋಡಿ ಜಗಳಕ್ಕ ನಿಂತಳು. 'ಇಷ್ಟು ದೂರ ಬಂದೇವಿ, ನಳ ಬಿಡ್ರಿ' ಅಂದ್ಲು. ನೆನಪೈತೇನ್ರಿ?"

ನನ್ನ ಬೆರಳ ಮೇಲೆ ಸಣ್ಣ ಒತ್ತು ಬಿತ್ತು.

"ಗುತ್ತಲದ ಹೊಳಿಯಾಗ ಮೀನು ಕಾಲು ಕಚ್ಚಿತಂತ ನೀವು ಹಾರಿದ್ದು? ಅದು ಮೀನಲ್ರಿ ಅಕ್ಕಾರ, ಜುಬೇದಾ ಚಿವುಟಿದ್ದು. ಇವತ್ತು ಹೇಳಾಕತ್ತೇನಿ, ಆಕಿಗೆ ಹೇಳಬ್ಯಾಡ್ರಿ."

ಇನ್ನೊಂದು ಒತ್ತು.

"ಗೋಕರ್ಣದಾಗ ಚಪ್ಪಲಿ ಹೋತಲ್ಲ, ಅದು ಎಡಗಾಲಿಂದೋ ಬಲಗಾಲಿಂದೋ?"

ಒತ್ತು ಬರಲಿಲ್ಲ. ಲಾರಿ ಸರಿಯಿತು, ಗಾಡಿ ಹೊರಟಿತು. ಚಾಚಾ ಮತ್ತೆ ಕೇಳಿದ. "ಅಕ್ಕಾರ, ಎಡದ್ದೋ ಬಲದ್ದೋ?" ನಾನು ಅವಳ ಮುಖ ನೋಡುತ್ತಲೇ ಇದ್ದೆ. ಎಷ್ಟು ಹೊತ್ತಾಯಿತೋ ತಿಳಿಯದು. ಆಮೇಲೆ ಅವಳು ನನ್ನ ಬೆರಳನ್ನು ಉಗುರು ಊರುವಂತೆ ಒತ್ತಿದಳು, ಎರಡು ಸಲ. ಎಡಗಾಲಿನದು ಎಂದೋ, ಬಲಗಾಲಿನದು ಎಂದೋ, ಚಾಚಾಗೂ ನನಗೂ ಗೊತ್ತಾಗಲಿಲ್ಲ. ಬದುಕಿದ್ದಾಳೆ ಎಂಬುದು ಗೊತ್ತಾಯಿತು. ರಾಣೇಬೆನ್ನೂರು ಮುಟ್ಟುವ ತನಕ ಅವಳು ಆ ಬೆರಳನ್ನು ಬಿಡಲಿಲ್ಲ.

ಅವಳು ಉಳಿದಳು. ಮಳೆ ಹಿಡಿದ ಮೇಲೆ ಮನೆಗೆ ಬಂದಳು, ತೀರ ತೆಳ್ಳಗಾಗಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರಾಡುತ್ತ. ನೋಡಲು ಬಂದವರಿಗೆಲ್ಲ, "ಡಾಕ್ಟರು ಒಳಗಿನ ಫೋಟೋ ತೋರಿಸಿದ್ರು. ನನ್ನ ಪುಪ್ಪಸ ನಮ್ಮ ಗಿರಣಿ ಜರಡಿ ಆಗೈತಿ. ಅಲ್ಲಲ್ಲಿ ತೂತು ಕಟ್ಕೊಂಡಾವ. ಒಂದೀಟು ಬಡದ್ರ ಬಿಡತಾವ" ಎನ್ನುತ್ತಿದ್ದಳು.

ನನಗೆ ಏನೂ ಆಗಿರಲಿಲ್ಲ. ಅಷ್ಟು ಹತ್ತಿರ ಕೂತಿದ್ದರೂ ಒಂದು ದಿನವೂ ಮೈ ಬಿಸಿಯಾಗಲಿಲ್ಲ. ಎರಡು ಸಲ ಪರೀಕ್ಷೆ ಮಾಡಿಸಿದರೂ ಇಲ್ಲವೆಂದೇ ಬಂತು. ಆದರೆ ಕಾಲೇಜು ತೆರೆದ ದಿನ ಬಸ್ ನಿಲ್ದಾಣದಲ್ಲಿ ಯಾರೋ ಕೆಮ್ಮಿದರು. ನನ್ನ ಅಂಗೈ ತಣ್ಣಗಾಯಿತು. ಬಸ್ಸಿನ ಮೆಟ್ಟಿಲಿಗೆ ಇಟ್ಟ ಕಾಲನ್ನು ತೆಗೆದುಕೊಂಡೆ. ಅಂದಿನಿಂದ ಸ್ಕೂಟಿಯಲ್ಲಿ ಹೋಗತೊಡಗಿದೆ. ಅದೂ ಹೆದ್ದಾರಿಯಲ್ಲಲ್ಲ. ಮೋಟೆಬೆನ್ನೂರು ಕ್ರಾಸು ಸಿಗಬಾರದೆಂದು ಹಳ್ಳಿಗಳ ಒಳರಸ್ತೆ ಹಿಡಿದು, ಎಮ್ಮೆಗಳ ಹಿಂದೆ ಸರದಿ ಕಾದು, ಧೂಳು ಮೆತ್ತಿಕೊಂಡು ತಡವಾಗಿ ತರಗತಿಗೆ ಹೋಗುತ್ತಿದ್ದೆ. ಮುಚ್ಚಿದ ಗಾಡಿ ಯಾವುದೇ ಇರಲಿ, ಕೂರಲು ಆಗುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಊರವರ ಓಡಾಟವೇ ವಿಚಿತ್ರವಾಗಿತ್ತು. ನಮ್ಮ ಓಣಿಯ, ಮೆಣಸಿನಕಾಯಿ ದಲಾಲಿಯ ಅಡತಿ ಅಂಗಡಿಯವರ ಮನೆಯಲ್ಲಿ ಒಬ್ಬರಿಗೂ ನೆಗಡಿ ಸಹ ಬಂದಿರಲಿಲ್ಲ, ಆದರೂ ಮಗಳ ಗಂಡನ ಮನೆ ದಾವಣಗೆರೆಗೆ ಹೋಗಲೂ ಅವರು ಒಪ್ಪಲಿಲ್ಲ. ಎದುರು ಮನೆಯ ನಿವೃತ್ತ ಮಾಸ್ತರರು ಸಕ್ಕರೆ ಕಾಯಿಲೆಯವರು, ಸಾವಿನ ಬಾಗಿಲು ನೋಡಿ ಬಂದವರು. ಅವರು ಕೈಕಾಲು ಆಡುತ್ತಲೇ ಕಾಶಿಗೆ ಹೊರಟುಬಿಟ್ಟರು. ಮೈಯ ಬಲ ನೋಡಿ ಇವರು ಹೋಗುತ್ತಾರೆ, ಅವರು ಹೋಗುವುದಿಲ್ಲ ಎಂದು ಹೇಳುವಂತಿರಲಿಲ್ಲ. ಪಯಣ ಬೇಕೋ ಬೇಡವೋ ಎಂಬುದನ್ನು ಮೈ ಅರ್ಧ ತೀರ್ಮಾನಿಸುತ್ತಿತ್ತು. ಉಳಿದ ಅರ್ಧ ತೀರ್ಮಾನವಾಗುತ್ತಿದ್ದುದು ಬೇರೆ ಎಲ್ಲೋ, ಯಾವ ಮೀಟರಿಗೂ ಸಿಗದ ಕಡೆ. ನಮ್ಮ ಮನೆಯಲ್ಲೇ ನೋಡಿ: ಜರಡಿಯಾದ ಪುಪ್ಪಸದವಳು ಒಬ್ಬಳು, ಗಟ್ಟಿ ಪುಪ್ಪಸದವಳು ಒಬ್ಬಳು. ಊರು ಬಿಟ್ಟು ಹೋಗುವ ಮಾತೆತ್ತಿದವಳು ಮೊದಲನೆಯವಳು.

ಸಂಕ್ರಾಂತಿ ಕಳೆದು ಹೊಸ ಮೆಣಸಿನಕಾಯಿ ಬರತೊಡಗಿದಾಗ ಅವಳು ಗಿರಣಿಗೆ ಬಂದಳು. ಯಂತ್ರದ ಮುಂದಲ್ಲ, ಗಾಳಿಯಾಡುವ ಕಟ್ಟೆಯ ಮೇಲೆ, ಮೂಗುಬಾಯಿಗೆ ಎರಡು ಮಡಿಕೆ ಬಟ್ಟೆ ಕಟ್ಟಿಕೊಂಡು. ಯಂತ್ರವನ್ನು ಈಗ ಜುಬೇದಾ ಚಾಚಿ ನೋಡಿಕೊಳ್ಳುತ್ತಿದ್ದಳು. ಒಂದು ಸಂಜೆ ಎಲ್ಲರೂ ಚಹಾ ಕುಡಿಯುತ್ತಿರುವಾಗ ಚಿಗವ್ವ ಗೋಡೆಯ ಚಪ್ಪಲಿ ನೋಡುತ್ತ ಹೇಳಿದಳು:

"ಈ ವರ್ಷ ಘಾಟು ಇಳಿಸಾಕ ಹೋಗೂದು. ಗೋಕರ್ಣಕ್ಕ."

ಚಾಚಿಯ ಕೈಯ ಬಸಿ ತುಳುಕಿತು. "ಯಾ ಅಲ್ಲಾ! ಬಚ್ಚಲಕ್ಕ ಹೋಗಿ ಬರೂದ್ರಾಗ ಎರಡು ಸಲ ಕುಂದರ್ತಿ. ಗೋಕರ್ಣಕ್ಕ ಹೊಂಟಾಳ ನೋಡ್ರಿ!"

"ನಡಕೊಂತ ಹೋಗತೇನಿ ಅಂದ್ನೇನು? ಗಾಡಿ ಐತಲ್ಲ."

"ಡಾಕ್ಟರು ಏನಂತಾರ?"

"ಮೀಟರ್ ನೋಡಾಕ ಬರೂವಾಕಿ ಒಬ್ಬಾಕಿ ಬಾಜೂಕ ಇದ್ರ ಹೋಗ್ರಿ ಅಂದಾರ."

ಯಾರೂ ನನ್ನ ಕಡೆ ನೋಡಲಿಲ್ಲ. ಮೀಟರ್ ಹಿಡಿದು ಅಷ್ಟು ದಿನ ಅವಳನ್ನು ನೋಡಿಕೊಂಡವಳು ನಾನೊಬ್ಬಳೇ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಗಾಡಿ ಹತ್ತುವುದಿಲ್ಲ ಎಂಬುದೂ ಗೊತ್ತಿತ್ತು. ನಾನು ಹೋಗದಿದ್ದರೆ ಅವಳು ಹೋಗುವಂತಿಲ್ಲ. ಬೊಗಸೆಯಲ್ಲಿ ಹಿಡಿದು ತಂದ ಜೀವ ಅದು. ಅದಕ್ಕೊಂದು ಆಸೆ ಹುಟ್ಟಿತ್ತು. ಅಡ್ಡ ಕೂತವಳು ನಾನು.

"ನನಗ ಕಾಲೇಜು ಇರತೈತಿ" ಎಂದೆ.

"ಸುಗ್ಗಿ ಮುಗಿದ ಮ್ಯಾಲ ಎಂಥಾ ಕಾಲೇಜು ಬೇ? ಗಿಡಕ್ಕ ಪಾಠ ಹೇಳತೀಯೇನು?" ಎಂದಳು ಚಾಚಿ.

ಚಿಗವ್ವ ಅವಳನ್ನು ತಡೆದಳು. "ಆಕಿಗೆ ಒತ್ತಾಯ ಮಾಡಬ್ಯಾಡ. ನನಗಽ ಖಾತ್ರಿ ಇಲ್ಲ. ಗಾಡಿ ಕುಲುಕಾಟ ನನ್ನ ಪುಪ್ಪಸ ತಡೀತೈತೋ ಇಲ್ಲೋ. ಮೊದಲು ಒಂದೀಟು ಒಂದೀಟು ಪರೀಕ್ಷೆ ಮಾಡೂಣು. ಶೈಲಾ, ನೀ ಬಾಜೂಕ ಕುಂತು ಮೀಟರ್ ನೋಡು, ಅಷ್ಟಽ."

ಅವಳ ಪುಪ್ಪಸಕ್ಕಾಗಿ ಎಂದ ಮೇಲೆ ಬೇಡವೆನ್ನುವುದು ಹೇಗೆ?

ಮೊದಲ ದಿನದ ಪರೀಕ್ಷೆ ಗಿರಣಿಯ ಮುಂದೆಯೇ ನಡೆಯಿತು. ಓಮ್ನಿ ನಿಂತಿತ್ತು. ಚಿಗವ್ವ ಒಳಗೆ ಕೂತಳು. ನಾನು ಅವಳ ಪಕ್ಕದಲ್ಲಿ, ಒಂದು ಕಾಲು ಹೊರಗಿಟ್ಟುಕೊಂಡು ಕೂತೆ. "ಚಾಲೂ ಮಾಡಬ್ಯಾಡ ದಸ್ತಗೀರ. ಬಾಗಲಾನೂ ಹಾಕಬ್ಯಾಡ. ಕುಂತರ ಹೆಂಗಾಗತೈತಿ ನೋಡೂಣು" ಎಂದಳು. ಚಹಾ ಅಲ್ಲಿಗೇ ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಪರಿಚಯದವರೊಬ್ಬರು ನಿಂತರು.

"ಏನು ಗಿರಿಜಕ್ಕಾರ, ಎಲ್ಲಿ ಹೊಂಟೀರಿ?"

"ಗೋಕರ್ಣಕ್ಕ."

"ಗಾಡಿ ನಿಂತಽ ಐತಲ್ರಿ!"

"ಸಮುದ್ರನಽ ಈ ಕಡೆ ಬರಾಕತ್ತೈತಂತ. ಕಾಯಾಕತ್ತೇವಿ."

ಎಷ್ಟೋ ತಿಂಗಳ ಮೇಲೆ ನಾನು ಆ ಗಾಡಿಯೊಳಗೆ ಕೂತು ನಕ್ಕೆ.

ಆಮೇಲೆ ಕಾಗಿನೆಲೆಯ ದಾರಿಯಲ್ಲಿ ಸ್ವಲ್ಪ ದೂರ. ಬಾಗಿಲು ಮುಚ್ಚುವ ಸದ್ದಿಗೆ ನಾನು ಬೆಚ್ಚುತ್ತೇನೆಂದು ಚಾಚಾ ಅದನ್ನು ಹಗ್ಗದಿಂದ ಕಟ್ಟಿ ತೆರೆದೇ ಇಟ್ಟ. "ಗಾಳಿ ಬರಲಿ, ಅಕ್ಕಾರಿಗೆ ಚೊಲೋ" ಎಂದ, ನನ್ನ ಹೆಸರೆತ್ತದೆ. ಜೋಳ ಕೊಯ್ದ ಹೊಲಗಳು ಹೊಳೆಯುತ್ತಿದ್ದವು. ಚಿಗವ್ವ ಮೀಟರ್ ಸಿಕ್ಕಿಸಿದ ಬೆರಳನ್ನು ನನ್ನ ಕಡೆ ಚಾಚಿ, ತಾನು ಹೊರಗೆ ನೋಡುತ್ತ ಕೂರುತ್ತಿದ್ದಳು. ಅಂಕಿ ಎಂದೂ ಭಯ ಹುಟ್ಟಿಸುವಷ್ಟು ಇಳಿಯಲಿಲ್ಲ. ಆದರೂ ಅವಳು ಪ್ರತಿ ಸಲ, "ಇನ್ನಾ ನಂಬಿಕಿ ಬಂದಿಲ್ಲವ್ವ, ಇನ್ನೊಮ್ಮೆ ಹೋಗೂಣು" ಎನ್ನುತ್ತಿದ್ದಳು. ಒಂದು ವಾರ ಹಗ್ಗ ಇತ್ತು. ಆಮೇಲೆ ಒಂದು ದಿನ ಧೂಳು ಹೆಚ್ಚಾಯಿತೆಂದು ನಾನೇ ಅದನ್ನು ಬಿಚ್ಚಲು ಹೇಳಿದೆ. ಚಾಚಾ ಬಾಗಿಲನ್ನು ಕೂಸಿನ ತೊಟ್ಟಿಲು ತಳ್ಳಿದಷ್ಟು ಮೆಲ್ಲಗೆ ತಳ್ಳಿದ.

ಯುಗಾದಿ ಕಳೆದ ಮೇಲೆ ಚಿಗವ್ವ ಅಂದಳು: "ಇವತ್ತು ಹೆದ್ದಾರಿ ನೋಡೂಣು."

ನಾಲ್ವರೂ ಹೊರಟೆವು. ಮೋಟೆಬೆನ್ನೂರು ಸಮೀಪಿಸಿದಂತೆ ನಾನು ಮುಂದಿನ ಸೀಟನ್ನು ಹಿಡಿದುಕೊಂಡೆ. ಕ್ರಾಸು ಬಂತು. ಈಗ ಬ್ಯಾರಿಕೇಡ್ ಇಲ್ಲ, ಲಾರಿ ಸಾಲಿಲ್ಲ, ಬಾಳೆಹಣ್ಣಿನ ಗಾಡಿಯೊಂದು ನಿಂತಿದೆ. ಇನ್ನೇನು ದಾಟಿದೆವು ಅನ್ನುವಾಗ ಚಾಚಾ ವೇಗ ಹೆಚ್ಚಿಸಿ ಕಿಟಕಿ ಇಳಿಸಿದ. ಗಾಳಿ ನುಗ್ಗಿತು. ಮರುಗಳಿಗೆಯಲ್ಲಿ ಚಿಗವ್ವ ಕೆಮ್ಮತೊಡಗಿದಳು, ಬಾಗಿ, ಬಿಡದೆ.

ನನಗೆ ಮುಂದಿನದು ಕಾಣಲಿಲ್ಲ. ಆ ದಿನವೇ ಮತ್ತೆ ಬಂದಿತ್ತು. ಅದೇ ಜಾಗ, ಅದೇ ಸೀಟು, ಅದೇ ಕೆಮ್ಮು. "ನಿಲ್ಲಿಸ್ರಿ ಚಾಚಾ, ನಿಲ್ಲಿಸ್ರಿ!" ಎಂದು ಕಿರುಚಿದೆ. ಗಾಡಿ ಪಕ್ಕಕ್ಕೆ ನಿಂತಿತು. ಅವಳ ಬೆರಳಿಗೆ ಮೀಟರ್ ಸಿಕ್ಕಿಸಲು ಹೋದೆ. ಮೀಟರ್ ಎರಡು ಸಲ ಕೆಳಗೆ ಬಿತ್ತು.

ಚಿಗವ್ವ ಅದನ್ನು ಎತ್ತಿಕೊಂಡಳು. ತನ್ನ ಬೆರಳಿಗಲ್ಲ, ನನ್ನ ಬೆರಳಿಗೆ ಸಿಕ್ಕಿಸಿದಳು. ಇನ್ನೊಂದು ಕೈಯಿಂದ ನನ್ನ ಗದ್ದ ಹಿಡಿದು ಎತ್ತಿದಳು.

"ನನ್ನ ಕಣ್ಣು ನೋಡು. ಏನೈತಿ ಕಣ್ಣಾಗ?"

ಅವಳ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಮುಂದಿನ ಸೀಟಿನಲ್ಲಿ ಜುಬೇದಾ ಚಾಚಿ ಕೆಮ್ಮುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಾಚಾ ಒಂದೇ ಸಮನೆ ಸೀನುತ್ತಿದ್ದ. ನನ್ನ ಕಣ್ಣೂ ಉರಿಯುತ್ತಿತ್ತು. ಹಿಂದಿನ ದಿನ ಸಾಗಿಸಿದ ಖಾರದ ಚೀಲವೊಂದು ಸೀಟಿನ ಕೆಳಗೆ ಸೋರಿತ್ತು. ಗಾಳಿ ಬಂದದ್ದೇ ಗಾಡಿಯ ತುಂಬ ಎದ್ದಿತ್ತು.

"ಗಾಡಿ ಝಾಡಿಸ್ರಿ ಅಂತ ನಿನ್ನಿ ಬಡಕೊಂಡೆ" ಎಂದು ಚಾಚಿ ಗಂಡನ ಮೇಲೆ ಹರಿಹಾಯ್ದಳು. "ನಾಲ್ಕು ಮಂದೀನ ಮಸಾಲಿ ಹಚ್ಚಿ ಹುರದು ತಗೊಂಡು ಹೊಂಟಾನ!"

"ಈಗ ಇದನ್ನ ನೋಡು" ಎಂದಳು ಚಿಗವ್ವ. ನನ್ನ ಬೆರಳಿನ ಮೀಟರಿನಲ್ಲಿ ಆಮ್ಲಜನಕ ಎಷ್ಟಿರಬೇಕೋ ಅಷ್ಟಿತ್ತು. ಅದರ ಕೆಳಗಿನ ಅಂಕಿ, ನಾಡಿಯದು, ನೂರಾ ಮೂವತ್ತು ದಾಟಿ ಓಡುತ್ತಿತ್ತು. ಅವಳು ಅದನ್ನು ಬಿಚ್ಚಿ ತನ್ನ ಬೆರಳಿಗೆ ಹಾಕಿಕೊಂಡಳು. ಅಷ್ಟು ಕೆಮ್ಮಿದ ಮೇಲೂ ಅವಳ ನಾಡಿ ನನ್ನದಕ್ಕಿಂತ ಎಷ್ಟೋ ನಿಧಾನವಾಗಿತ್ತು.

"ಹೇಳು, ಇಬ್ಬರೊಳಗ ಯಾರಿಗೆ ಆರಾಮಿಲ್ಲ?"

ಕೆಳಗಿಳಿದು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆವು. ಚಾಚಾ ಗಾಡಿಯನ್ನು ಒರೆಸತೊಡಗಿದ. ಲಾರಿಗಳು ಹಾದುಹೋಗುತ್ತಿದ್ದವು. ನಾನು ಅಳುತ್ತಿದ್ದೆ. ಘಾಟಿಗೆ ಎಷ್ಟು, ಉಳಿದದ್ದಕ್ಕೆ ಎಷ್ಟು ಎಂದು ಬೇರೆ ಮಾಡುವಂತಿರಲಿಲ್ಲ. ಚಿಗವ್ವ ನನ್ನ ಬೆರಳನ್ನು, ಆ ದಿನ ಒತ್ತಿದ ಅದೇ ಬೆರಳನ್ನು, ಹಿಡಿದುಕೊಂಡು ನಿಧಾನವಾಗಿ, ಉಸಿರು ತೆಗೆದುಕೊಳ್ಳುತ್ತ ಹೇಳಿದಳು:

"ಆ ದಿವಸ ನನಗ ಉಸಿರು ಇರಲಿಲ್ಲ, ಖರೇ. ಆದ್ರ ನಾ ಕಣ್ಣು ಮುಚ್ಚಿದ್ದೆ. ದಸ್ತಗೀರನ ಮಾತು ಕೇಳಸ್ತಿತ್ತು. ಒಳಗಽ ನಾ ಜೋಗಕ್ಕ ಹೋಗಿದ್ದೆ, ಗುತ್ತಲಕ್ಕ ಹೋಗಿದ್ದೆ, ಗೋಕರ್ಣದಾಗ ಚಪ್ಪಲಿ ಹುಡುಕಾಕತ್ತಿದ್ದೆ. ಕಣ್ಣು ತೆರದು ಎಲ್ಲಾ ನೋಡಿದಾಕಿ ನೀನು. ನಂದು ಆಸ್ಪತ್ರಿಯಾಗ ಮುಗೀತು. ನಿಂದು ಇನ್ನಾ ಈ ಕ್ರಾಸಿನ್ಯಾಗಽ ನಿಂತೈತಿ."

ಯಾವ ಪುಸ್ತಕದಲ್ಲೂ ಓದದ ಮಾತು ಅದು. ಸತ್ತು ಬದುಕಿದವಳಿಗಿಂತ ನೋಡುತ್ತ ಕೂತವಳಿಗೆ ಭಯ ಹೆಚ್ಚು ಇರಬಹುದು ಎಂದು ಆತನಕ ನಾನು ಒಪ್ಪಿಕೊಂಡಿರಲಿಲ್ಲ. ಏನೂ ಆಗದವಳಿಗೆ ಅಂಜುವ ಹಕ್ಕಿಲ್ಲ ಎಂದುಕೊಂಡು ನಾಚುತ್ತಿದ್ದೆ. ಅಂದು ಅಲ್ಲಿಂದ ಹಿಂದಕ್ಕೆ ತಿರುಗಲಿಲ್ಲ. ಹಾವೇರಿಯ ತನಕ ಹೋಗಿ, ಬಾಳೆಹಣ್ಣು ತಿಂದು ಬಂದೆವು.

ಗೋಕರ್ಣಕ್ಕೆ ಹೊರಡುವ ಮೊದಲು ಕೊನೆಯದಾಗಿ ಒಮ್ಮೆ ರಾಣೇಬೆನ್ನೂರಿನ ಡಾಕ್ಟರಿಗೆ ತೋರಿಸಲು ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಾಮು ಮಾಡುವವರಂತೆ ಇಷ್ಟು ದಿನ ಸ್ವಲ್ಪ ಸ್ವಲ್ಪ ದೂರ ಹೋಗಿ ಪರೀಕ್ಷೆ ಮಾಡಿದ್ದನ್ನು ನಾನು ಹೆಮ್ಮೆಯಿಂದ ವಿವರಿಸಿದೆ. ಅವರು ಅಚ್ಚರಿಯಿಂದ ಚಿಗವ್ವನನ್ನು ನೋಡಿದರು.

"ಇಷ್ಟೆಲ್ಲಾ ಯಾಕ ಮಾಡಿದ್ರಿ ಅಮ್ಮಾರ? ನಾ ದೀಪಾವಳಿಗೇ ಹೇಳಿದ್ದೆನಲ್ಲ, ಜೋಡಿ ಒಬ್ಬರನ್ನ ಕರಕೊಂಡು ಆರಾಮ ಹೋಗಿಬರ್ರಿ ಅಂತ. ನಿಮ್ಮ ಪುಪ್ಪಸ ಗಾಡಿ ತಡೀತೈತಿ, ಬರೇ ಏರು ಹತ್ತಬ್ಯಾಡ್ರಿ ಅಂದಿದ್ದೆ."

ಚಿಗವ್ವ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, "ಹೌದೇನ್ರಿ? ನನಗ ಸರಿ ಕೇಳಿಸಿರಲಿಲ್ಲ ಕಾಣಸ್ತೈತಿ" ಎಂದಳು. ಜುಬೇದಾ ಚಾಚಿ ಚಾವಣಿಯ ಪಂಖ ನೋಡತೊಡಗಿದಳು. ದಸ್ತಗೀರ ಚಾಚಾ ಗಾಡಿಗೆ ನೀರು ಹಾಕುವ ನೆನಪಾಗಿ ಹೊರಗೆ ಹೋದ. ನಿಂತ ಗಾಡಿಯ ಚಹಾ, ಬಾಗಿಲಿಗೆ ಕಟ್ಟಿದ ಹಗ್ಗ, ಇನ್ನಾ ನಂಬಿಕಿ ಬಂದಿಲ್ಲವ್ವ ಅನ್ನುವ ಮಾತು ಎಲ್ಲ ನನ್ನ ಕಣ್ಣ ಮುಂದೆ ಒಂದೊಂದಾಗಿ ಹಾದುಹೋದವು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವ ಹೆಂಗಸು ತನ್ನ ಉಳಿದ ಉಸಿರನ್ನು ಇಷ್ಟು ತಿಂಗಳು ಖರ್ಚು ಮಾಡಿದ್ದು ನನಗಾಗಿ. ನನ್ನ ಮರ್ಯಾದೆ ಉಳಿಯಲೆಂದು ತನ್ನ ಕಾಯಿಲೆಯನ್ನು ಮುಂದಿಟ್ಟುಕೊಂಡಿದ್ದಳು.

ಹಾನಗಲ್ಲು ದಾಟಿ, ಶಿರಸಿ ದಾಟಿ ಹೋದೆವು. ಖಾರವಿಲ್ಲದ ಬುತ್ತಿ, ತೊಳೆದ ಗಾಡಿ. ಎಲ್ಲ ಸುಸೂತ್ರವಾಯಿತೆಂದರೆ ಸುಳ್ಳಾಗುತ್ತದೆ. ಘಟ್ಟ ಇಳಿಯುವಾಗ ತಿರುವುಗಳಿಗೆ ಅವಳಿಗೆ ಹೊಟ್ಟೆ ತೊಳಸಿತು, ಉಸಿರು ಕಟ್ಟಿತು, ಮೀಟರಿನ ಅಂಕಿ ತೊಂಬತ್ತರ ಕೆಳಗೆ ಇಳಿಯಿತು. ಕಣ್ಣು ನೋಡಿದೆ. ಒಣಗಿತ್ತು. ಇದು ಘಾಟಿನದಲ್ಲ. ನನ್ನ ಅಂಗೈ ತಣ್ಣಗಾದದ್ದೂ ಗೊತ್ತಾಯಿತು. ತಣ್ಣಗಿನ ಕೈಯಿಂದಲೇ ಗಾಡಿ ನಿಲ್ಲಿಸಿ, ಬಾಗಿಲು ಜರುಗಿಸಿ, ಅವಳನ್ನು ಮುಂದಕ್ಕೆ ಬಾಗಿಸಿ ಕೂರಿಸಿದೆ. ತುಟಿ ಗುಂಡಗೆ ಮಾಡಿ ದೀಪ ಆರಿಸದ ಹಾಗೆ ಊದು ಎಂದೆ, ನಾನೂ ಅವಳೊಂದಿಗೆ ಊದಿದೆ. ಚಾಚಾ ಮುಂದೆ ಕೂತು ಜೋಗದ ನಳದ ಕತೆ ಶುರು ಮಾಡಿದ. "ನೂರು ಸಲ ಆತು, ಸಾಕು ಮಾಡ್ರಿ" ಎಂದು ಚಾಚಿ ಗದರಿದಳು. ಅಂಕಿ ಮೆಲ್ಲನೆ ಏರಿತು. ಚಿಗವ್ವ ಮಾತಾಡಲಾಗದೆ ನನ್ನ ಬೆರಳನ್ನು ಒಮ್ಮೆ ಒತ್ತಿದಳು. ಹೆದರಿಕೆ ಹೋಗಿರಲಿಲ್ಲ. ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡಲು ಬಂತು, ಅಷ್ಟೇ.

ಸಮುದ್ರ ಸಿಕ್ಕಾಗ ಇಳಿಹೊತ್ತು. ಬಂದ ಗಾಳಿಯಲ್ಲಿ ಉಪ್ಪು ಬಿಟ್ಟರೆ ಏನೂ ಇರಲಿಲ್ಲ. ಜುಬೇದಾ ಚಾಚಿ ಮೂಗರಳಿಸಿ ಎಳೆದುಕೊಂಡು, "ಇಳೀತು ನೋಡ್ರಿ ಘಾಟು!" ಎಂದಳು. ಚಿಗವ್ವ ನನ್ನ ಹೆಗಲು ಹಿಡಿದು, ನಿಂತು ನಿಂತು, ತೆರೆಯ ಅಂಚಿಗೆ ಬಂದಳು. ಚೀಲದಿಂದ ಆ ಒಂಟಿ ಚಪ್ಪಲಿಯನ್ನು ತೆಗೆದಳು. ನೀರಿಗೆ ಬಿಡುತ್ತಾಳೆ, ಜೋಡಿಯ ಹತ್ತಿರ ಕಳಿಸುತ್ತಾಳೆ ಎಂದುಕೊಂಡೆ. ಕೈಯೆತ್ತಿದಳು ಕೂಡ. ಆಮೇಲೆ ಇಳಿಸಿದಳು.

"ಬ್ಯಾಡ" ಎಂದಳು. "ಇದನ್ನೂ ಒಗದ್ರ ಮುಂದಿನ ವರ್ಷ ಏನು ನೆವಾ ಹೇಳಿ ಬರೂದು?"

ಅದನ್ನು ಮತ್ತೆ ಹಾಳೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಇನ್ನ ಮ್ಯಾಲ ಇದು ನಿನ್ನ ಹಂತ್ಯಾಕ ಇರಲಿ. ನೀ ತಂದ್ರ ಮಾತ್ರ ನಾವು ಹೋಗೂದು."

ಬಸ್ಸು ಬ್ಯಾಡಗಿಯ ನಿಲ್ದಾಣಕ್ಕೆ ಬಂದು ನಿಂತಿತು. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಎಲ್ಲರೂ ಇಳಿದೆವು. ನಿಲ್ದಾಣದ ಹೊರಗೆ ತೊಳೆದು ನಿಲ್ಲಿಸಿದ ಓಮ್ನಿ ಕಾಣಿಸಿತು. ಬಾಗಿಲು ತೆರೆದಿತ್ತು. ಒಳಗೆ ಚಿಗವ್ವ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಕಳೆದ ವರ್ಷಕ್ಕಿಂತ ಇನ್ನಷ್ಟು ಸಣ್ಣಗಾಗಿ ಕೂತಿದ್ದಳು. ನನ್ನನ್ನು ಕಂಡವಳೇ ಕೇಳಿದಳು:

"ತಂದೀಯಿಲ್ಲೋ?"

"ತಂದೇನಿ" ಎಂದೆ. ಒಳಗೆ ಹತ್ತಿ ಅವಳ ಪಕ್ಕದಲ್ಲಿ ಕೂತೆ. ಚಾಚಾ ಬಾಗಿಲು ತಳ್ಳಲು ಇಳಿದು ಬರುತ್ತಿದ್ದ. ಅಷ್ಟರಲ್ಲಿ ನಾನೇ ಕೈಚಾಚಿ ಅದನ್ನು ಎಳೆದುಕೊಂಡೆ.